ಮಾವನ ಗಂಗಳದ ಬೇಟೆ

ಮೂಡಿಗೆರೆ ತಾಲೂಕಿನಲ್ಲಿ ಕಳ್ಳರಿಗೆ ನನ್ನ ಸೋದರಮಾವನಷ್ಟು ಉಪಕಾರ ಮಾಡಿದ ಮನುಷ್ಯ ಇನ್ನೊಬ್ಬನಿಲ್ಲ. ಕಳ್ಳನಾದವನು ಹೆಂಚು ತೆಗೆದು, ನಾಯಿಗೆ ಹೆದರಿ, ಮೈಕೈ ತರಚಿಕೊಂಡು ಒಳಗೆ ಇಳಿಯಬೇಕು ತಾನೆ? ಮಾವ ಅವರಿಗೆ ಅಷ್ಟು ಕಷ್ಟ ಕೊಡಲಿಲ್ಲ. ಹಾಡಹಗಲೇ ಜಗಲಿಗೆ ಕರೆದು ಕೂರಿಸಿ, ಕಾಫಿ ಕೊಟ್ಟು, ಮನೆಯ ಹಳೇ ಸಾಮಾನನ್ನೆಲ್ಲ ತಾವೇ ಮುಂದೆ ನಿಂತು ವ್ಯಾನಿಗೆ ಹತ್ತಿಸಿ, ಕಟ್ಟುವುದಕ್ಕೆ ಹಗ್ಗವನ್ನೂ ಕೊಟ್ಟು ಕಳಿಸಿದರು. ಆಮೇಲೆ ವರ್ಷಗಟ್ಟಲೆ ಅದೇ ಸಾಮಾನನ್ನು ಹುಡುಕಿಕೊಂಡು ಊರೂರು ಅಲೆದರು. ಇವರನ್ನು ನೋಡಿ ನಗಬೇಕೋ ಅಳಬೇಕೋ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟೆ: ಸಂಕೋಚ ಬೇಡ, ಮೊದಲು ನಕ್ಕುಬಿಡಿ.

ತೊಂಬತ್ತರ ದಶಕದ ನಡುವೆ ಕಾಫಿಗೆ ಯಾರೂ ಕನಸಿನಲ್ಲೂ ಕಾಣದ ರೇಟು ಬಂತು. ರೇಟು ಬಂದದ್ದು ಕಾಫಿಗೆ, ತಲೆ ತಿರುಗಿದ್ದು ನಮ್ಮವರಿಗೆ. ಒಬ್ಬರ ಮನೆಗೆ ಮೊಸಾಯಿಕ್ ಬಂದರೆ ಪಕ್ಕದ ಎಸ್ಟೇಟಿನವರಿಗೆ ನಿದ್ದೆ ಇಲ್ಲ. ಬೀಟೆಮರದ ಬಾಗಿಲು ಕಿತ್ತು ಪ್ಲೈವುಡ್ ಕೂರಿಸಿದವನೇ ಮುಂದುವರಿದವನು! ಇಂಥ ಸುಮುಹೂರ್ತದಲ್ಲಿ ಮಾವನ ಅಂಗಳಕ್ಕೆ ಒಬ್ಬ ವ್ಯಾಪಾರಿ ಬಂದ. ಇಸ್ತ್ರಿ ಅಂಗಿ, ಬೆಣ್ಣೆಯಂಥ ಮಾತು.

"ಸಾರ್, ನಿಮ್ಮಂಥ ಪ್ಲಾಂಟರ್‍ಸು ಈ ಕಿಲುಬು ಪಾತ್ರೆ ಇಟ್ಕೊಂಡಿರೋದು ನೋಡಿದ್ರೆ ನಂಗೇ ಒಂಥರಾ ಆಗ್ತದೆ" ಎಂದ.

ಅಷ್ಟೇ ಸಾಕಾಯಿತು. ಸಂಜೆಯೊಳಗೆ ಕೆತ್ತನೆಯ ಹೆಬ್ಬಾಗಿಲು, ತೂಗುಮಂಚ, ಹಂಡೆ, ಕೊಪ್ಪರಿಗೆ ಎಲ್ಲ ವ್ಯಾನಿನಲ್ಲಿದ್ದವು. ಬದಲಿಗೆ ಬಂದದ್ದು ಗಾಜಿನ ಬಾಗಿಲಿನ ಒಂದು ಶೋಕೇಸು, ಫಳಫಳ ಹೊಳೆಯುವ ಒಂದು ಸ್ಟೀಲ್ ಡಿನ್ನರ್ ಸೆಟ್ಟು. ಶೋಕೇಸಿನಲ್ಲಿ ಇಡುವುದಕ್ಕೆ ಮನೆಯಲ್ಲಿ ಇನ್ನೇನೂ ಉಳಿದಿರಲಿಲ್ಲವಾದ್ದರಿಂದ ಡಿನ್ನರ್ ಸೆಟ್ಟನ್ನೇ ಅದರಲ್ಲಿಟ್ಟರು.

ವ್ಯಾನಿಗೆ ಹೋದದ್ದರಲ್ಲಿ ಅಜ್ಜಿಯ ಕಂಚಿನ ಗಂಗಳವೂ ಒಂದು. ಗಂಗಳವೆಂದರೆ ಅಂಚು ಎದ್ದ, ಅಗಲವಾದ ಊಟದ ತಟ್ಟೆ. ನಮ್ಮ ಬಳಗದಲ್ಲಿ ಮದುವೆಯಾಗಿ ಹೊರಡುವ ಹೆಣ್ಣಿಗೆ ತವರಿನವರು ಅದೊಂದನ್ನು ಕೊಡುತ್ತಿದ್ದರು. ಬದುಕಿರುವಷ್ಟು ದಿನ ಅವಳ ಊಟ ಅದರಲ್ಲಿ. ಸತ್ತ ಮೇಲೆ ವರ್ಷಕ್ಕೊಮ್ಮೆ ಹಿರಿಯರ ಹಬ್ಬದಲ್ಲಿ ಅವಳ ಹೆಸರಿನ ಎಡೆಯೂ ಅದರಲ್ಲೇ. ಗಂಡಸರ ಎಡೆಗೆ ಬಾಳೆಲೆಯಾದರೂ ನಡೆಯುತ್ತದೆ, ಹೆಂಗಸಿಗೆ ಮಾತ್ರ ಅವಳ ಗಂಗಳವೇ ಆಗಬೇಕು.

ವ್ಯಾಪಾರ ನಡೆದ ದಿನ ಅಜ್ಜಿ ಕಳಸದಲ್ಲಿರುವ ತಂಗಿ ಮನೆಗೆ ಹೋಗಿದ್ದರು. ವಾಪಸು ಬಂದು ಊಟಕ್ಕೆ ಕೂತಾಗ ಮಾವ ದೊಡ್ಡ ಸಾಧನೆ ಮಾಡಿದವರಂತೆ ಸ್ಟೀಲ್ ತಟ್ಟೆ ಮುಂದಿಟ್ಟರು. ಅಜ್ಜಿ ತಟ್ಟೆ ನೋಡಿದರು, ಮಗನ ಮುಖ ನೋಡಿದರು.

"ನಂಗೊಂದು ಎಲೆ ಕುಯ್ಕೊಂಡು ಬಾ" ಎಂದರು.

ಜಗಳವಿಲ್ಲ, ಅಳುವಿಲ್ಲ. ಅವತ್ತಿಂದ ಸಾಯುವ ತನಕ ಅಜ್ಜಿ ಬಾಳೆಲೆ ಬಿಟ್ಟು ಬೇರೆಯದರಲ್ಲಿ ಉಣ್ಣಲಿಲ್ಲ. ದಿನಾ ಕತ್ತಿ ಹಿಡಿದು ಹಿತ್ತಲಿಗೆ ಹೋಗಿ ಎಲೆ ತರುವ ಕೆಲಸ ಮಾವನದೇ. ಬಯ್ದಿದ್ದರೆ ಒಂದು ವಾರಕ್ಕೆ ಮುಗಿಯುತ್ತಿತ್ತು. ಅಜ್ಜಿ ಅಷ್ಟು ಅಗ್ಗಕ್ಕೆ ಬಿಡುವ ಪೈಕಿಯಲ್ಲ.

ಅಜ್ಜಿ ತೀರಿಕೊಂಡ ವರ್ಷದ ಹಿರಿಯರ ಹಬ್ಬ. ಒಳಕೋಣೆಯಲ್ಲಿ ಸಾಲಾಗಿ ಎಡೆ ಬಡಿಸಿ, ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕಾಯುವುದು ಪದ್ಧತಿ. ಸ್ವಲ್ಪ ಹೊತ್ತಾದ ಮೇಲೆ ಮನೆಯ ಯಜಮಾನ ಕೆಮ್ಮಿ ಸದ್ದು ಮಾಡಿ ಬಾಗಿಲು ತೆಗೆಯುತ್ತಾನೆ. ಮಾವ ಕೆಮ್ಮಿದರು, ತೆಗೆದರು. ಒಳಗೆ ಬೆಕ್ಕು! ಕಿಟಕಿಯಲ್ಲಿ ನುಗ್ಗಿ ಎಲೆಗಳ ಮೇಲಿದ್ದ ಕೋಳಿತುಂಡನ್ನೆಲ್ಲ ಮುಗಿಸಿ ಮೀಸೆ ಒರೆಸಿಕೊಳ್ಳುತ್ತಿತ್ತು. ಅಜ್ಜಿಯ ಹೆಸರಲ್ಲಿಟ್ಟ ಸ್ಟೀಲ್ ತಟ್ಟೆಯೊಂದನ್ನು ಮಾತ್ರ ಮೂಸಿಯೂ ನೋಡಿರಲಿಲ್ಲ. ಮಾವ ಆ ತಟ್ಟೆಯ ಮುಂದೆ ಹೋಗಿ ಕೂತರು.

"ಅಮ್ಮ ಬಂದಿಲ್ಲ" ಎಂದರು.

"ಬೆಕ್ಕಿನ ಹೊಟ್ಟೆ ತುಂಬಿತ್ತು, ಅಷ್ಟೆ" ಎಂದರು ಅತ್ತೆ. ಮಾವನನ್ನು ಕಟ್ಟಿಕೊಂಡು ಬಾಳಿದ ಹೆಂಗಸು, ಅವರಿಗೆ ಯಾವುದೂ ಆಶ್ಚರ್ಯವಲ್ಲ.

"ಹಾಗಾದ್ರೆ ಮುಂದಿನ ಸಲ ಎಲೆ ಹಾಕಿ ಮಾವ, ಅಜ್ಜಿ ಕೊನೆಗೆ ಉಂಡಿದ್ದು ಎಲೇಲೇ ಅಲ್ವಾ" ಎಂದೆ ನಾನು.

"ಅಮ್ಮ ಎಲೇಲಿ ಉಂಡಿದ್ದು ಸಿಟ್ಟಿಗೆ ಮಾರಾಯ್ತಿ, ಹಸಿವಿಗಲ್ಲ. ಗಂಗಳ ತರದೇ ಇದ್ರೆ ಅವಳು ಈ ಮನೆಗೆ ಊಟಕ್ಕೆ ಬರೋದಿಲ್ಲ" ಎಂದರು ಮಾವ.

ಅಲ್ಲಿಂದ ಶುರುವಾಯಿತು ಬೇಟೆ. ಮಾವ ದಾರಿಬದಿಯ ಜಗಲಿಗಳನ್ನೇ ನೋಡಿಕೊಂಡು ಜೀಪು ಓಡಿಸಿ ಎರಡು ಸಲ ಚರಂಡಿಗಿಳಿಸಿದ ಮೇಲೆ ಅತ್ತೆ ಕೀ ಕಿತ್ತಿಟ್ಟರು. ಸ್ಕೂಲಿಗೆ ರಜೆಯಿರುವ ಮೇಷ್ಟ್ರಮ್ಮ ಎನ್ನುವ ಒಂದೇ ತಪ್ಪಿಗೆ ಭಾನುವಾರದ ಡ್ರೈವರ್ ಕೆಲಸ ನನ್ನ ತಲೆಗೆ ಬಂತು.

ಮೊದಲು ಹೋದದ್ದು ಚಿಕ್ಕಮಗಳೂರಿನ ಹಳೇ ಸಾಮಾನಿನ ಅಂಗಡಿಗಳಿಗೆ. ಬುದ್ಧಿಯಿರುವವರು ಏನು ಮಾಡುತ್ತಾರೆ? ಸುಮ್ಮನೆ ಅಂಗಡಿ ಸುತ್ತಿ, ತಮ್ಮ ವಸ್ತು ಕಣ್ಣಿಗೆ ಬಿದ್ದರೂ ಬೀಳದವರ ಹಾಗಿರುತ್ತಾರೆ. ಮಾವ ಒಳಗೆ ಕಾಲಿಟ್ಟ ಕೂಡಲೇ ಹೇಳಿದ್ದೇನು ಗೊತ್ತೆ? "ನಮ್ಮಮ್ಮನ ಗಂಗಳ ಬೇಕು. ಅಂಚಲ್ಲಿ ಉಗುರಿನಷ್ಟು ಒಂದು ಚಕ್ಕೆ ಎದ್ದಿದೆ. ಅಂಥದ್ದು ಬಂದ್ರೆ ಎಷ್ಟಾದ್ರೂ ಕೊಡ್ತೀನಿ." ಹೀಗೆಂದು ಒಂದಲ್ಲ, ಎಲ್ಲ ಅಂಗಡಿಯಲ್ಲೂ ಹೇಳಿ ಮನೆ ಫೋನ್ ನಂಬರನ್ನೂ ಕೊಟ್ಟು ಬಂದರು. ಮುಂದಿನ ಭಾನುವಾರ ಜಿಲ್ಲೆಯ ಗಂಗಳಗಳಿಗೆಲ್ಲ ಅಂಚಿನಲ್ಲಿ ಚಕ್ಕೆ ಎದ್ದಿತ್ತು. ಕೆಲವಕ್ಕೆ ಅರ ಹಾಕಿದ ಪುಡಿ ಇನ್ನೂ ಅಂಟಿಕೊಂಡಿತ್ತು. ಒಬ್ಬ ಪುಣ್ಯಾತ್ಮನಂತೂ ಹೆಚ್ಚಿನ ಗ್ಯಾರಂಟಿಗೆ ಎರಡು ಚಕ್ಕೆ ಎಬ್ಬಿಸಿಟ್ಟಿದ್ದ!

ಮಾವನದು ಅವರದೇ ಪರೀಕ್ಷೆ. ಕಣದಲ್ಲಿ ಹಣ್ಣು ಸುಲಿದು ತೊಳೆದು ಹರವಿದ ಪಾರ್ಚ್‌ಮೆಂಟ್ ಕಾಫಿ ಹದವಾಗಿ ಒಣಗಿದೆಯಾ ಎಂದು ಕಾಳು ಕಚ್ಚಿ ನೋಡುವುದು ಅವರ ಹಳೇ ಅಭ್ಯಾಸ. ಗಂಗಳವನ್ನೂ ಹಾಗೇ ಅಂಚಿಗೆ ಹಲ್ಲು ಹಾಕಿ, ಕಣ್ಣು ಮುಚ್ಚಿ ನೋಡುವರು. ಗಿರಾಕಿಗಳು ಹೆದರಿ ಅಂಗಡಿಯಿಂದ ಇಳಿದು ಹೋಗುವರು. ಆಮೇಲೆ ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಡುವರು. "ಅಲ್ಲ, ಅಮ್ಮಂದು ಹೀಗೆ ಕೂಗ್ತಿರ್ಲಿಲ್ಲ" ಎನ್ನುವರು. ಅಲ್ಲದಿದ್ದರೆ ಬಿಟ್ಟು ಬರಬೇಕಲ್ಲವೆ? ಇಲ್ಲ, ಅದನ್ನೂ ಕೊಂಡುಕೊಂಡು ಗೋಣಿಯಲ್ಲಿ ಸುತ್ತಿ ನನ್ನ ಕಾರಿನ ಹಿಂದೆ ಇಡುವರು. ಇದನ್ನು ಕಂಡ ಯಾವ ವ್ಯಾಪಾರಿ ತಾನೆ ದೇವರಿಗೆ ಕೈ ಮುಗಿಯುವುದಿಲ್ಲ?

ಅಷ್ಟರಲ್ಲಿ ಹೋಂಸ್ಟೇಗಳ ಕಾಲ ಬಂತು. ನಾವು ಕಿತ್ತು ಬಿಸಾಡಿದ್ದನ್ನೆಲ್ಲ ಯಾರೋ ಆರಿಸಿ, ಪಾಲಿಶ್ ಹಾಕಿ, ಅದನ್ನು ನೋಡುವುದಕ್ಕೆಂದೇ ಬೆಂಗಳೂರಿನವರನ್ನು ಕರೆಸತೊಡಗಿದರು. ಕೊಟ್ಟಿಗೆಹಾರದಿಂದ ದೇವರಮನೆಗೆ ಹೋಗುವ ದಾರಿಯ ಒಂದು ಹೋಂಸ್ಟೇಯಲ್ಲಿ ಊಟಕ್ಕೆ ಕೂತಿದ್ದೆವು. ಮಾವ ಅನ್ನ ಕಲಸುತ್ತಿದ್ದವರು ಇದ್ದಕ್ಕಿದ್ದಂತೆ ಮೇಜಿನ ಕೆಳಗೆ ತೂರಿ ಅಂಗಾತ ಮಲಗಿದರು. ಮನೆಯ ಒಡತಿ ಓಡಿ ಬಂದರು.

"ಏನಾದ್ರೂ ಬಿದ್ದೋಯ್ತಾ ಸರ್?"

"ಇದು ನಮ್ಮನೆ ಹೆಬ್ಬಾಗ್ಲು" ಎಂಬ ದನಿ ಕೆಳಗಿನಿಂದ ಬಂತು. "ಚಿಕ್ಕವನಿದ್ದಾಗ ಅಗಳಿ ಪಕ್ಕ ನಾನೇ ಕತ್ತೀಲಿ ಗೀಚಿದ್ದೆ, ಇಲ್ಲೇ ಇದೆ ನೋಡಿ."

ಬಾಗಿಲಿಗೆ ಕಾಲು ಹಚ್ಚಿ, ಮೇಲೆ ಗಾಜು ಹಾಸಿ ಊಟದ ಮೇಜು ಮಾಡಿದ್ದರು. "ಸಾಧ್ಯವೇ ಇಲ್ಲ ಸರ್, ಇದು ಚೆಟ್ಟಿನಾಡಿನ ಅರಮನೇದು. ಸರ್ಟಿಫಿಕೇಟ್ ಇದೆ" ಎಂದರು ಒಡತಿ ನಯವಾಗಿ. ಮಾವ ತಟ್ಟೆ ಎತ್ತಿಕೊಂಡು ಹೊರಗೆ ಮೆಟ್ಟಿಲ ಮೇಲೆ ಕೂತು ಉಂಡರು. ದಿನಾ ನಮಸ್ಕಾರ ಮಾಡುತ್ತಿದ್ದ ಬಾಗಿಲ ಮೇಲೆ ಉಪ್ಪಿನಕಾಯಿ ಬಡಿಸಿಕೊಳ್ಳಲು ಮನಸ್ಸು ಬರಲಿಲ್ಲವಂತೆ. ಮಾರುವಾಗ ಈ ಮನಸ್ಸು ಎಲ್ಲಿ ಮೇಯಲು ಹೋಗಿತ್ತೋ!

ಅದೇ ಮನೆಯ ಗೋಡೆಯಲ್ಲಿ ಒಂದು ಗಂಗಳಕ್ಕೆ ನಟ್ಟನಡುವೆ ತೂತು ಹೊಡೆದು ಮುಳ್ಳು ಸಿಕ್ಕಿಸಿ ಗಡಿಯಾರ ಮಾಡಿದ್ದರು. ಮಾವ ಅದನ್ನೂ ಬಿಡಲಿಲ್ಲ. ಬೇಡಿ, ಕಾಡಿ ಕೊಂಡು ತಂದು, ಮುಳ್ಳು ಕಿತ್ತು ತೂತಿಗೆ ಬೆಸುಗೆ ಹಾಕಿಸಿದರು. "ಮುಳ್ಳು ಬಿಟ್ಟಿದ್ರೆ ಟೈಮಾದ್ರೂ ಗೊತ್ತಾಗ್ತಿತ್ತು" ಎಂದರು ಅತ್ತೆ.

ಹೀಗೆ ಶೋಕೇಸು ತುಂಬಿತು. ಡಿನ್ನರ್ ಸೆಟ್ಟು ಅಟ್ಟ ಸೇರಿತು. ಆ ವರ್ಷ ಹಿರಿಯರ ಹಬ್ಬಕ್ಕೆ ಹೋದಾಗ ನೋಡುತ್ತೇನೆ, ಒಳಕೋಣೆಯ ಉದ್ದಕ್ಕೂ ಗಂಗಳಗಳು. ಮಾವ ಒಂದೊಂದನ್ನೂ ಹುಣಸೆಹಣ್ಣು ಹಾಕಿ ತಾವೇ ತಿಕ್ಕಿ ತೊಳೆದಿದ್ದರು. ಎಲ್ಲದರ ಮುಂದೆಯೂ ವೀಳ್ಯದೆಲೆ, ಒಂದು ಚೂರು ಹೊಗೆಸೊಪ್ಪು.

ಅತ್ತೆಗೆ ರೇಗಿತು. "ನಂಗಿದ್ದಿದ್ದು ಒಬ್ರೇ ಅತ್ತೆ. ಅವ್ರಿಗೆ ಇಷ್ಟೊಂದು ತಟ್ಟೇಲಿ ಬಡಿಸ್ಬೇಕಾ? ಇದ್ರಲ್ಲಿ ಅವ್ರದ್ದು ಯಾವ್ದು, ಅದನ್ನಾದ್ರೂ ಹೇಳಿ."

"ಯಾವ್ದೂ ಅಲ್ಲ" ಎಂದರು ಮಾವ.

"ಅಲ್ಲ ಅಂತ ಗೊತ್ತಿದ್ದೂ ಎಂತಕ್ಕೆ ಹೊತ್ಕೊಂಡು ಬಂದ್ರಿ?"

ಮಾವ ತೂತು ಮುಚ್ಚಿಸಿದ ಗಂಗಳವನ್ನು ಸಾಲಿಗೆ ಸರಿಯಾಗಿ ಜರುಗಿಸುತ್ತ ಹೇಳಿದರು: "ಎಲ್ಲಾ ಯಾರ್‍ಯಾರದೋ ಅಮ್ಮಂದಿರದ್ದು. ಅವ್ರ ಮನೇಲೂ ನನ್ನಂಥೋನು ಒಬ್ಬ ಇದ್ದ, ಕೊಟ್ಬಿಟ್ಟ. ಪಾಪ, ಇವ್ರು ಹಬ್ಬದ ದಿನ ಊಟಕ್ಕೆ ಎಲ್ಲಿ ಹೋಗ್ತಾರೆ? ನಮ್ಮಮ್ಮಂದೂ ಎಲ್ಲೋ ಯಾರದೋ ಮನೇಲಿರ್ತದೆ. ನಾನಿವ್ರಿಗೆ ಬಡಿಸಿದ್ರೆ, ಅವ್ಳಿಗೂ ಅಲ್ಲಿ ಯಾರಾದ್ರೂ ಒಂದು ಹಿಡಿ ಬಡಿಸಿಯಾರು."

ಇಷ್ಟು ವರ್ಷ ಈ ಮನುಷ್ಯನನ್ನು ಆಡಿಕೊಂಡು ನಕ್ಕ ನಾನು ಬಗ್ಗಿ ಆಚೆ ತುದಿಯ ಗಂಗಳವನ್ನು ಸಾಲಿಗೆ ಜರುಗಿಸಿದೆ. ಅತ್ತೆ ಅಡುಗೆಮನೆಗೆ ಹೋಗಿ ಕಡುಬಿನ ಪಾತ್ರೆಯನ್ನೇ ಎತ್ತಿ ತಂದು, ಸೆರಗು ಸಿಕ್ಕಿಸಿಕೊಂಡು, ಪ್ರತಿಯೊಂದು ಗಂಗಳಕ್ಕೂ ಬಗ್ಗಿ ಬಗ್ಗಿ ಬಡಿಸಿದರು. ಕೋಳಿಸಾರು ಕೊನೆಯ ಗಂಗಳಕ್ಕೆ ಬರುವಷ್ಟರಲ್ಲಿ ತಳ ಕಂಡಿತು. ನಮ್ಮ ಪಾಲಿಗೆಂದು ಎತ್ತಿಟ್ಟಿದ್ದನ್ನು ತಂದು ಅದಕ್ಕೆ ಸುರಿದರು.

ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂತೆವು. ಹೊತ್ತಾಯಿತು. ಪ್ರತಿವರ್ಷ ಕೆಮ್ಮಿ ಬಾಗಿಲು ತೆಗೆಯುವ ಹೊತ್ತು ಎಂದೋ ದಾಟಿತ್ತು.

"ಮಾವ, ಇನ್ನು ಕೆಮ್ಮಬಹುದಲ್ಲ" ಎಂದೆ ಮೆಲ್ಲಗೆ.

ನನಗೆ ಉತ್ತರ ಕೊಟ್ಟದ್ದು ಅತ್ತೆ.

"ಸುಮ್ನಿರು ಮಾರಾಯ್ತಿ. ದೂರದಿಂದ ಬಂದೋರು, ನಿಧಾನ ಉಣ್ಲಿ."