ಟ್ರೇಲರಿಗೆ ಕಾರಹುಣ್ಣಿಮೆ

ಪ್ರೀತಿ ಅತಿಯಾದರೆ ಮನುಷ್ಯರು ಹೇಗೋ ತಾಳಿಕೊಳ್ಳುತ್ತಾರೆ, ಯಂತ್ರಗಳು ತಾಳುವುದಿಲ್ಲ. ಇದನ್ನು ನಾನು ಎಲ್ಲಿಯೋ ಓದಿ ಹೇಳುತ್ತಿಲ್ಲ. ನಮ್ಮ ಟ್ರ್ಯಾಕ್ಟರಿನ ಟ್ರೇಲರು, ಅದರ ಬೆನ್ನಿಗಿರುವ ದೀಪಗಳು ಮತ್ತು ನನ್ನ ಹೆಂಡತಿ ನೀಲವ್ವ, ಎಲ್ಲರೂ ಸೇರಿ ನನಗೆ ಕಲಿಸಿದ ಪಾಠವಿದು.

ನಮ್ಮ ಇಂಗಳೇಶ್ವರದ ಕಡೆ ಕಾರಹುಣ್ಣಿಮೆ ಬಂತೆಂದರೆ ಎತ್ತುಗಳ ಮೈ ತೊಳೆದು ಕೊಂಬಿಗೆ ಬಣ್ಣ ಹಚ್ಚುವುದು ರೂಢಿ. ನಮ್ಮಪ್ಪ ಬಣ್ಣ ಹಚ್ಚಲು ಕೂತರೆ ಓಣಿಯ ಮಂದಿ ನಿಂತು ನೋಡುತ್ತಿದ್ದರು. ಎತ್ತು ತಲೆ ಕೊಡವಿದರೆ, "ಸುಮ್ನ ನಿಂದರಪಾ ಮದುಮಗಾ" ಎಂದು ಅದರ ಗಂಗೆದೊಗಲು ಸವರುತ್ತಿದ್ದರು. ಈಗ ಕೊಟ್ಟಿಗೆಯಲ್ಲಿ ಎತ್ತುಗಳಿಲ್ಲ, ಟ್ರ್ಯಾಕ್ಟರ್ ನಿಂತಿದೆ. ಆದರೆ ಹುಣ್ಣಿಮೆ ಹತ್ತಿರ ಬಂದರೆ ನನ್ನ ಕೈ ಸುಮ್ಮನಿರುವುದಿಲ್ಲ. ಅದಕ್ಕೇ ಈ ಸಲ ಟ್ರೇಲರನ್ನೇ ಎತ್ತೆಂದು ತಿಳಿದು, ಮೈ ತೊಳೆದು, ನೀಲಿ ಬಣ್ಣ ಬಳಿದೆ. ಒಂದು ಸಂದೂ ಬಿಡಬಾರದೆಂದು ಹಿಂದಿನ ಬೋಲ್ಟುಗಳನ್ನೆಲ್ಲ ಬಿಚ್ಚಿ, ಅವುಗಳ ಕೆಳಗೂ ಬಳಿದು, ಒಣಗಿದ ಮೇಲೆ ಮತ್ತೆ ಬಿಗಿದೆ. ಚೆಂಡು ಹೂವಿನ ಹಾರ ಹಾಕಿ ದೂರ ನಿಂತು ನೋಡಿದರೆ, ಅಪ್ಪ ಇದ್ದಿದ್ದರೆ ಇದರ ಗಲ್ಲವನ್ನೂ ಸವರುತ್ತಿದ್ದರು ಅನ್ನಿಸಿತು.

ಹುಣ್ಣಿಮೆಯ ಮರುದಿನವೇ ಗೊಳಸಂಗಿಯಿಂದ ತಂಗಿಯ ಫೋನು. "ಅಣ್ಣಾ, ಎಮ್ಮಿ ಮುಂದ ಹಾಕಾಕ ಒಂದು ಸೂಡು ಕಣಿಕಿ ಉಳಿದಿಲ್ಲ. ಇವರದು ಕಾಲು ಮುರದೈತಿ, ತರಾವ್ರು ಯಾರು? ಮುಂಜಾನಿಂದ ಎಮ್ಮಿ ಒದರಾಕತ್ತಾವ ನೋಡು" ಎಂದು ಎಮ್ಮೆಗಳ ಕೂಗನ್ನೂ ಕೇಳಿಸಿದಳು. ಜೋಳದ ಕಣಿಕೆ ನಮ್ಮ ಬಣಿವೆಯಲ್ಲಿ ಬೇಕಾದಷ್ಟಿತ್ತು. ಊಟ ಮುಗಿಸಿ ಹೇರಿದೆ. ಹೋಗಿ ಇಳಿಸಿ ತಿರುಗಿ ಬರುವಷ್ಟರಲ್ಲಿ ಕತ್ತಲಾಗುವುದು ಖಚಿತ.

ಇಲ್ಲಿ ನಮ್ಮ ಮನೆಯ ಒಂದು ಕಾಯ್ದೆ ಹೇಳಬೇಕು. ಟ್ರೇಲರು ಅಂಗಳ ದಾಟುವ ಮುಂಚೆ ನೀಲವ್ವ ಅದರ ಹಿಂದೆ ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಾಳೆ. "ಎಡಕ್ಕ ಹಾಕ್ರಿ, ಬಲಕ್ಕ ಹಾಕ್ರಿ, ಬ್ರೇಕ್ ಒತ್ರಿ" ಎನ್ನುತ್ತಾಳೆ. ಎಲ್ಲ ದೀಪ ಹತ್ತಿದರೆ ಮಾತ್ರ ಪಕ್ಕಕ್ಕೆ ಸರಿಯುತ್ತಾಳೆ. ಅವಳ ತಮ್ಮ ಸಿಂದಗಿ ರಸ್ತೆಯಲ್ಲಿ ದೀಪವಿಲ್ಲದೆ ನಿಂತಿದ್ದ ಟ್ರೇಲರಿಗೆ ಬೈಕು ಗುದ್ದಿ, ಇವತ್ತಿಗೂ ಕಾಲೆಳೆದು ನಡೆಯುತ್ತಾನೆ. ಹಾಗಾಗಿ ಈ ಕಾಯ್ದೆಗೆ ನಮ್ಮಲ್ಲಿ ಅಪೀಲಿಲ್ಲ.

ಅವತ್ತು ಹಿಂದಿನಿಂದ ಬಂದ ವರದಿಯೇ ಬೇರೆ. "ಎಡಕ್ಕ ಹಾಕ್ರಿ ಅಂದ್ರ ಎರಡೂ ಕೆಂಪು ದೀಪ ಸಣ್ಣಗ ಕಣ್ಣು ಮಿಟಕಸ್ತಾವ. ಬ್ರೇಕ್ ಒತ್ತಿದ್ರ ಏನೂ ಇಲ್ಲ. ಇಳೀರಿ ಕೆಳಗ!"

ಇಳಿದೆ. ಬಲ್ಬು ಬದಲಿಸಿದೆ, ಹತ್ತಲಿಲ್ಲ. ಹಳೆಯ ಬಲ್ಬನ್ನು ನೇರ ಬ್ಯಾಟರಿಗೆ ಹಿಡಿದೆ, ಝಗ್ಗನೆ ಹತ್ತಿತು. ಫ್ಯೂಜ್ ತೆಗೆದು ನೋಡಿದೆ, ಗಟ್ಟಿಯಾಗಿತ್ತು. ಟ್ರ್ಯಾಕ್ಟರಿಗೂ ಟ್ರೇಲರಿಗೂ ನಡುವಿನ ಪ್ಲಗ್ಗನ್ನು ಉಜ್ಜಿ ಬೆಳ್ಳಿ ಮಾಡಿದೆ. ಇಲಿ ಕಡಿದಿರಬಹುದೆಂದು ಟ್ರೇಲರಿನ ಅಡಿಯಲ್ಲಿ ಅಂಗಾತ ಮಲಗಿ ವೈರನ್ನು ಗೇಣು ಗೇಣು ಸವರಿದೆ. ಇಲಿ ನಿರಪರಾಧಿ. ತಂಗಿಯ ಫೋನು ಮತ್ತೆ ಬಂತು. ಈ ಸಲ ಅವಳು ಮಾತಾಡಲೇ ಇಲ್ಲ, ಎಮ್ಮೆಗಳಿಗೇ ಕೊಟ್ಟಿದ್ದಳು.

ಪಕ್ಕದ ಮನೆಯ ಈರಣ್ಣ ಕಟ್ಟೆಯ ಮೇಲೆ ಕೂತೇ ಸಲಹೆ ಕೊಟ್ಟ. "ಅಣ್ಣಾ, ಹಿಂದ ಒಂದು ಕೆಂಪು ಅರಿವಿ ಕಟ್ಟಿ ಹೊಂಟು ಬಿಡು."

"ಕತ್ತಲಾಗ ಅರಿವಿ ಕಾಣಸ್ತದೇನ್ರಿ ಈರಣ್ಣ?" ಎಂದಳು ನೀಲವ್ವ. "ಅದಕ್ಕಿಂತ ನಿಮ್ಮ ಕೈಯಾಗ ಟಾರ್ಚ್ ಕೊಟ್ಟು ಹಿಂದ ಕುಂಡ್ರಸ್ತೀನಿ, ಬರ್ರಿ." ಈರಣ್ಣನಿಗೆ ಮನೆಯೊಳಗೆ ಏನೋ ಕೆಲಸ ನೆನಪಾಯಿತು.

ಅವಳು ನನ್ನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. ಮಿಕ್ಸರ್ ಕೆಟ್ಟರೂ, ಸೊಸೆ ಮುನಿಸಿಕೊಂಡರೂ ಅವಳು ಕೇಳುವುದು ಒಂದೇ ಪ್ರಶ್ನೆ. "ಕಡೀಕ ಚಲೋ ಇದ್ದದ್ದು ಯಾವಾಗ?"

"ಹುಣ್ಣಿಮಿಗಿಂತ ಮುಂಚೆ."

"ಹುಣ್ಣಿಮಿ ಮುಂಚೆ ಹತ್ತತಿದ್ವು, ಹುಣ್ಣಿಮಿ ಆದಮ್ಯಾಲೆ ಹತ್ತವಲ್ಲವು. ಹಂಗಂದ್ರ ನಡುವ ನೀವ ಅದೀರಿ. ಏನೇನು ಮಾಡೀರಿ, ಹೇಳ್ರಿ."

ಬಣ್ಣದ ಕಥೆಯನ್ನು ಹೆಮ್ಮೆಯಿಂದಲೇ ಶುರು ಮಾಡಿದೆ. ಬೋಲ್ಟಿನ ತನಕ ಬಂದಾಗ ಅವಳು ಕೈಯೆತ್ತಿ ತಡೆದಳು. "ದೀಪದ ಬಾಜೂಕ ಬೋಲ್ಟಿಗೆ ಒಂದು ಕರಿ ವೈರು ಸಿಗಿಸಿದ್ರಲ್ಲ, ಅದು ಯಾತಕ್ಕ?"

"ಅದು ಅರ್ತ್. ದೀಪಕ್ಕ ಬಂದ ಕರೆಂಟು ಅದರಾಗಿಂದ ಟ್ರೇಲರಿನ ಕಬ್ಬಿಣಕ್ಕ ಇಳದು ವಾಪಸ್ ಬ್ಯಾಟರಿಗೆ..." ಎನ್ನುತ್ತಲೇ ನಾನು ಆ ಬೋಲ್ಟಿನ ಕಡೆ ತಿರುಗಿ ನೋಡಿದೆ.

"ವಾಪಸ್ ಹೋಗೋ ಬಾಗಿಲಕ್ಕ ಬಣ್ಣ ಮೆತ್ತೀರಿ. ಅದು ಎತ್ತಲಾಗ ಹೋಗಬೇಕು ಪಾಪ?"

ಒಳಗಿಂದ ಬದನೆಕಾಯಿ ಹೆಚ್ಚುವ ಚಾಕು ತಂದು, ಬೋಲ್ಟು ಬಿಚ್ಚಿಸಿ, ನನ್ನ ನೀಲಿ ಬಣ್ಣವನ್ನು ತಾನೇ ಕೆರೆದಳು. ಬಿಳಿ ಕಬ್ಬಿಣ ಕಂಡಿತು. ವೈರು ಬಿಗಿದು ಬ್ರೇಕ್ ಒತ್ತಿದೆ. ಅಂಗಳದ ಗೋಡೆಯೆಲ್ಲ ಕೆಂಪಾಯಿತು, ಅದರ ನಡುವೆ ನೀಲವ್ವನ ಮುಖವೂ. ಮದುವೆಯಲ್ಲೂ ಅವಳನ್ನು ನಾನು ಇಷ್ಟು ಕಣ್ತುಂಬ ನೋಡಿರಲಿಲ್ಲ. "ನೋಡಿದ್ದು ಸಾಕು, ಎಮ್ಮಿ ಹಸದಾವ" ಎಂದು ಪಕ್ಕಕ್ಕೆ ಸರಿದಳು.

ತಿರುಗಿ ಬರುವಾಗ ಬಾಗೇವಾಡಿ ದಾಟಿದ ಮೇಲೆ ಮುಂಗಾರಿನ ಮೋಡ ಚಂದ್ರನನ್ನು ಮುಚ್ಚಿ ಪೂರ್ತಿ ಕತ್ತಲು. ಹಿಂದಿನಿಂದ ಜೋರಾಗಿ ಬರುತ್ತಿದ್ದ ಬೈಕೊಂದು ದೂರದಲ್ಲೇ ವೇಗ ಇಳಿಸಿ, ಹಾರನ್ ಹೊಡೆದು, ಪಕ್ಕದಿಂದ ಮುಂದೆ ಹೋಯಿತು. ಗಂಡ ಹೆಂಡತಿ, ನಡುವೆ ನಿದ್ದೆಗಣ್ಣಿನ ಕೂಸು. ಅವರಿಗೆ ನೀಲವ್ವ ಯಾರೆಂದು ಗೊತ್ತಿಲ್ಲ. ನನಗೆ ಗೊತ್ತಿದೆ.

ಈಗ ನಮ್ಮ ನೀಲಿ ಟ್ರೇಲರಿನ ಬೆನ್ನ ಮೇಲೆ ಅಂಗೈಯಗಲ ಬಣ್ಣವಿಲ್ಲದ ಜಾಗವಿದೆ. ಕಂಡವರು ಕೇಳುತ್ತಾರೆ. ನಾನು ಮೀಸೆ ತಿರುವಿ, "ಅದು ಅರ್ತ್ ಪಾಯಿಂಟ್ ರಿ. ಭಾಳ ಮಂದಿ ತಿಳೀದ ಬಣ್ಣ ಹಚ್ಚಿ ಬಿಡ್ತಾರ. ನಾ ಬ್ಯಾಡಂತ ಬಿಟ್ಟೇನಿ" ಎಂದು ವಿವರಿಸುತ್ತೇನೆ. ಅಷ್ಟರಲ್ಲಿ ಅಡುಗೆಮನೆಯಿಂದ ಒಂದು ದನಿ ತೇಲಿ ಬರುತ್ತದೆ.

"ನಡುವ ಯಾರಿದ್ರು, ಅದನ್ನೂ ಹೇಳ್ರಿ!"