ನಾಗವೇಣಿಗಾಗಿ ನಾನು ಬರೆದ ಅಪೀಲು

ಟಕ್‌ಟಕಾ, ಟಕ್‌ಟಕಾ, ಟಕ್‌ಟಕಾ. ನಮ್ಮ ದೊಡ್ಡಬಳ್ಳಾಪುರದ ಬೀದಿಯಲ್ಲಿ ಬೆಳಗ್ಗೆ ಆರಕ್ಕೆ ಪಕ್ಕದ ಮನೆಯ ಪವರ್‌ಲೂಮ್ ಶುರುವಾದರೆ ನನ್ನ ಷೆಲ್ಫಿನ ಪಿಂಗಾಣಿ ಕಪ್ಪುಗಳೂ ತಾಳ ಹಾಕುತ್ತಿದ್ದವು. "ವಾಟ್ ಎ ಡಿಸ್ಟರ್ಬೆನ್ಸ್!" ಎಂದು ಎಷ್ಟು ಸಲ ಮುಖ ಸಿಂಡರಿಸಿದ್ದೆನೋ. ಒಂದು ದಿನ ಆ ಸದ್ದು ನಿಂತೇಹೋಯಿತು. ಮಗ್ಗ ನಡೆಸುತ್ತಿದ್ದ ನಾಗವೇಣಿಗೆ ನಾಲ್ಕು ಹೆಜ್ಜೆ ಇಟ್ಟರೆ ಉಸಿರು ಕಟ್ಟುತ್ತಿತ್ತು. ಹೃದಯದ ವಾಲ್ವು ಕೆಟ್ಟಿದೆ, ಬೇಗ ಆಪರೇಷನ್ ಆಗದಿದ್ದರೆ ಉಳಿಯೋದು ಕಷ್ಟ ಎಂದರು ಬೆಂಗಳೂರಿನ ಡಾಕ್ಟರು. ಅದಕ್ಕೆ ಬೇಕಾದ ಹಣ ಆ ಮನೆಯಲ್ಲಿರಲಿಲ್ಲ.

"ಡೋಂಟ್ ವರಿ, ನಾನಿದ್ದೀನಿ!" ಎಂದುಬಿಟ್ಟೆ. ಈಗ ಫೋನಿನಲ್ಲೇ ಕ್ರೌಡ್‌ಫಂಡಿಂಗ್ ಅಂತ ಇದೆಯಲ್ಲ. ರೋಗಿಯ ಕಥೆ, ಫೋಟೋ, ಆಸ್ಪತ್ರೆಯ ಎಸ್ಟಿಮೇಟು ಹಾಕಿದರೆ ಗುರುತು ಪರಿಚಯ ಇಲ್ಲದವರೂ ಸಹಾಯ ಮಾಡುತ್ತಾರೆ. ಕಾನ್ವೆಂಟಿನಲ್ಲಿ ಓದಿ, ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದ ನನಗಿಂತ ಅರ್ಹರು ಈ ತಾಲ್ಲೂಕಿನಲ್ಲಿ ಇನ್ಯಾರು?

ಮೊದಲು ಫೋಟೋ. ನಾಗವೇಣಿಯ ಅತ್ತೆ ಗಂಗಮ್ಮ ಅಡ್ಡ ಬಂದರು.

"ಮಾಸಿದ ಸೀರೇಲಾ? ದೇಶದೋರೆಲ್ಲ ನೋಡ್ತಾರೆ ಮಿಸ್ಸೋರೆ. ಸೀರೆ ನೇಯೋ ಮನೇಲಿ ಸೀರೆಗೆ ಬರವಾ?"

ನನಗೂ ಸರಿ ಅನ್ನಿಸಿತು. ಡಿಗ್ನಿಟಿ ಬೇಕಲ್ಲ! ಮಗ್ಗದಿಂದ ಇಳಿದ ಹೊಸ ಜರಿ ಸೀರೆ ಉಡಿಸಿ, ಮಲ್ಲಿಗೆ ಮುಡಿಸಿದರು. ಕತ್ತಿನಲ್ಲಿ ಅರಿಶಿನದ ದಾರವೊಂದೇ ಇತ್ತೆಂದು ನನ್ನ ಎರಡೆಳೆ ಚಿನ್ನದ ಸರವನ್ನು ನಾನೇ ಹಾಕಿದೆ. "ಚಿನ್ ಅಪ್! ಸ್ಮೈಲ್!" ಎಂದೆ. ಪಾಪ, ಉಸಿರು ಬಿಗಿಹಿಡಿದು ನಕ್ಕಳು.

ಮದುವಣಗಿತ್ತಿಯಂಥ ಆ ಫೋಟೋ ನೋಡಿ ಒಬ್ಬರು ಬರೆದರು: "ಮೊದ್ಲು ಆ ಸರ ಮಾರಿ ಆಂಟಿ." ಇನ್ನು ಮೂವರು, ಇದೇ ಸೀರೆ ಬೇರೆ ಬಣ್ಣದಲ್ಲಿ ಸಿಗುತ್ತದೆಯೇ ಎಂದು ವಿಚಾರಿಸಿದರು. ವಾಲ್ವಿನ ಬಗ್ಗೆ ಒಬ್ಬರೂ ಕೇಳಲಿಲ್ಲ!

ಸರಿ, ಕಷ್ಟ ಕಾಣುವಂತೆ ಇನ್ನೊಂದು ಫೋಟೋ ತೆಗೆಯಲು ಹೋದೆ. "ಹೂವು, ಬಳೆ ಎಲ್ಲಾ ತೆಗೀಮ್ಮಾ."

ಗಂಗಮ್ಮ ಸಿಡಿದರು. "ಗಂಡ ಗುಂಡುಕಲ್ಲಿನಂಗವ್ನೆ. ಮುತ್ತೈದೆ ಕೈ ಬರಿದು ಮಾಡಿಸ್ತೀರಲ್ಲ, ಇದೇನಾ ನಿಮ್ ಕಾನ್ವೆಂಟಲ್ಲಿ ಕಲ್ಸಿದ್ದು?"

"ಸುಮ್ನಿರಿ ಅತ್ತೆ," ಎಂದಳು ನಾಗವೇಣಿ. "ಬದುಕಿದ್ರೆ ಬಳೆ ತೊಟ್ಕೊಳ್ಳೋದು ಇದ್ದಿದ್ದೇ." ಒಂದೊಂದಾಗಿ ತೆಗೆದು ಮಂಚದ ಮೇಲಿಟ್ಟಳು. ಆ ಸಲ ನಾನು ಸ್ಮೈಲ್ ಎನ್ನಲಿಲ್ಲ.

ಇನ್ನು ಎಸ್ಟಿಮೇಟು. ಮಡಿಸಿ ಮಡಿಸಿ ಸವೆದು, ಎಣ್ಣೆ ಕಲೆಯಾಗಿದ್ದ ಡಾಕ್ಟರ ಚೀಟಿಯನ್ನು ಹಾಗೇ ಕಳಿಸುವುದುಂಟೇ? ಬಿಳಿ ಹಾಳೆಯಲ್ಲಿ, ಮಾರ್ಜಿನ್ ಎಳೆದು, ಪ್ರೈಜ್ ಗಿಟ್ಟಿಸಿದ್ದ ನನ್ನ ಹ್ಯಾಂಡ್‌ರೈಟಿಂಗಿನಲ್ಲಿ ಅದನ್ನು ಸಾದ್ಯಂತ ಕಾಪಿ ಮಾಡಿದೆ. ಕೆಳಗೆ ಡಾಕ್ಟರ ಸಹಿಯನ್ನೂ ನಾನೇ ನೀಟಾಗಿ ಬರೆದೆ. ಅವರದ್ದು ಓದುವಂತಿರಲಿಲ್ಲವಲ್ಲ!

ಮೂರನೇ ದಿನ ಕ್ರೌಡ್‌ಫಂಡಿಂಗ್ ಕಂಪನಿಯವರಿಂದ ಉತ್ತರ ಬಂತು. ಎರಡು ಫೋಟೋಗಳಿಗೂ ತಾಳೆಯಿಲ್ಲ, ವೈದ್ಯರ ಪತ್ರ ನಕಲಿಯೆಂಬ ಅನುಮಾನವಿದೆ, ಆದ್ದರಿಂದ ಪೇಜ್ ತಡೆಹಿಡಿಯಲಾಗಿದೆ, ಮೂಲ ಪತ್ರ ಕಳಿಸಿ. ಫೋರ್ಜರಿ! ಅದೂ ಎಪ್ಪತ್ತೊಂದನೇ ವಯಸ್ಸಿನಲ್ಲಿ!

ಚೀಟಿಯ ಒಂದು ಫೋಟೋ ಕಳಿಸಿದ್ದರೆ ಮುಗಿಯುತ್ತಿತ್ತು. ಆದರೆ ನನಗೆ ಅವಮಾನವಾಗಿತ್ತಲ್ಲ? ಮೊದಲು ನನ್ನ ಕ್ಯಾರೆಕ್ಟರ್ ಏನೆಂದು ಅವರಿಗೆ ತಿಳಿಯಲಿ, ಚೀಟಿ ಅದರ ಜೊತೆಗೇ ಹೋಗಲಿ ಎಂದು ನಾಲ್ಕು ಪುಟದ ಪ್ರತಿಭಟನಾ ಪತ್ರಕ್ಕೆ ಕೂತೆ. ಬರೆದೆ, ಹರಿದೆ, ಮತ್ತೆ ಬರೆದೆ. ಐದು ದಿನ ಹಿಡಿಯಿತು.

ಆರನೇ ದಿನ ಬೆಳಗ್ಗೆ ನಾಗವೇಣಿ ಹೋಗಿಬಿಟ್ಟಳು. ಡಾಕ್ಟರ ಚೀಟಿ ನನ್ನ ವ್ಯಾನಿಟಿ ಬ್ಯಾಗಿನಲ್ಲೇ ಇತ್ತು.

ಅವಳನ್ನು ನಾನು ಕೊನೆಯ ಸಲ ನೋಡಿದ್ದು ಹಿಂದಿನ ದಿನ ಸಂಜೆ. ಹೊಸ್ತಿಲ ಪಕ್ಕ ಗೋಡೆಗೆ ಒರಗಿ ಕೂತಿದ್ದಳು. "ನನ್ನಿಂದ ನಿಮ್ಗೆ ಎಷ್ಟ್ ಓಡಾಟ ಮಿಸ್... ಒಂಚೂರು ಕೂತ್ಕೊಳ್ಳಿ ಬನ್ನಿ," ಎಂದಳು.

"ಟೈಮಿಲ್ಲ ಕಣಮ್ಮಾ," ಎಂದು ಬಂದುಬಿಟ್ಟೆ. ಪತ್ರದ ಕೊನೆಗೆ 'ಯುವರ್ಸ್ ಸಿನ್ಸಿಯರ್ಲಿ' ಹಾಕುವುದೋ 'ಯುವರ್ಸ್ ಫೇತ್‌ಫುಲಿ' ಹಾಕುವುದೋ ಇನ್ನೂ ತೀರ್ಮಾನವಾಗಿರಲಿಲ್ಲ.