ಒಂದು ಆಟಕ್ಕೆ ಒಂದು ಸ್ನಾನ

ನನ್ನ ಸೋದರಮಾವ ಜೂಜಾಡಿದವರು. ಇದನ್ನು ನಾನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ. ಆದರೆ ನಾನು ಕಂಡ ಮಟ್ಟಿಗೆ ಮೈಲಿಗೆಯಲ್ಲಿ ಆಡಿದವರಲ್ಲ. ತಲೆಯ ಮೇಲೆ ನೀರು ಬೀಳದೆ, ಮಡಿ ಪಂಚೆ ಉಡದೆ, ಅವರು ಒಂದೇ ಒಂದು ಎಲೆಯನ್ನೂ ಎಸೆದದ್ದನ್ನು ನಾನು ಕಂಡಿಲ್ಲ. ರಮ್ಮಿಯನ್ನು ಇಷ್ಟು ಶುದ್ಧವಾಗಿ ಆಡಿದವರು ರಾಯಚೂರು ಜಿಲ್ಲೆಯಲ್ಲಿ ಇನ್ನೊಬ್ಬರಿದ್ದರೆ ತೋರಿಸಿ, ಅವರ ದನಿಯನ್ನೂ ಮಾಡಿ ತೋರಿಸುತ್ತೇನೆ.

ದನಿ ಮಾಡುವುದೇ ನನ್ನ ಕಸುಬು. ಮದುವೆ ಆರ್ಕೆಸ್ಟ್ರಾದಲ್ಲಿ ಹಾಡುವವರು ನೀರು ಕುಡಿಯಲು ಹೋದಾಗ ವೇದಿಕೆ ಖಾಲಿ ಕಾಣಬಾರದೆಂದು ನನ್ನನ್ನು ನಿಲ್ಲಿಸುತ್ತಾರೆ. ನಾನು ಕೋಳಿ, ಕಂಡಕ್ಟರ್, ಕೆಟ್ಟುನಿಂತ ಟ್ರ್ಯಾಕ್ಟರ್ ಎಲ್ಲ ಆಗುತ್ತೇನೆ. ಉಳಿದ ಹೊತ್ತಿನಲ್ಲಿ ಬಿ.ಎಡ್. ವಿದ್ಯಾರ್ಥಿ, ರಾಯಚೂರಿನಲ್ಲಿ ಮಾವನ ಮನೆಯಲ್ಲಿ ವಾಸ, ಅವರದೇ ಕೈಯ ಊಟ. ಮಾವ ಮದುವೆಯಾದವರಲ್ಲ. ದೇವದುರ್ಗದ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಸ್ನಾನ, ಪೂಜೆ, ಆಮೇಲೆ ಊಟ. ಈ ಕ್ರಮ ತಪ್ಪಿದ್ದನ್ನು ಕಂಡವರಿಲ್ಲ.

ಸರ್ಕಾರ ದುಡ್ಡಿನ ಆಟಗಳಿಗೆಲ್ಲ ಬೀಗ ಜಡಿಯುವುದಕ್ಕೆ ಮುಂಚಿನ ಮಾತು. ಒಂದು ಸಂಜೆ ಮಾವ ಕನ್ನಡಕ ಒರೆಸುತ್ತ ಕೇಳಿದರು:

"ಆ ರಮ್ಮಿ ಆಪು ಹಾಕ್ಕೋಬೇಕಂತ ಮಾಡೀನಿ. ಹಾಕ್ಕೋಬೇಕೋ, ಬ್ಯಾಡೋ?"

ನಾನು ನನ್ನ ಫೋನನ್ನು ಮೆಲ್ಲಗೆ ಮಗುಚಿಟ್ಟೆ. ಕಾರಣ ಇಷ್ಟೇ. ಅದೇ ಆಪು ಮೂರು ತಿಂಗಳಿಂದ ನನ್ನ ಫೋನಿನಲ್ಲಿತ್ತು. ಯಾರ ಕಣ್ಣಿಗೂ ಬೀಳದಿರಲೆಂದು ಅದನ್ನೊಂದು ಫೋಲ್ಡರಿನೊಳಗೆ ಕೂರಿಸಿ, ಮೇಲೆ 'ಪಂಚಾಂಗ' ಎಂದು ಹೆಸರಿಟ್ಟಿದ್ದೆ. ಕೋಳಿ ಕೂಗಿ ಕೂಗಿ ಕೂಡಿಸಿಟ್ಟ ಎರಡನೇ ವರ್ಷದ ಫೀಸಿನಲ್ಲಿ ಅರ್ಧ ಆಗಲೇ ಆ ಪಂಚಾಂಗದೊಳಗೆ ಹೋಗಿತ್ತು. ಮಾವನಿಗೆ ಗೊತ್ತಿಲ್ಲ, ಮಾನ್ವಿಯಲ್ಲಿರುವ ಅಮ್ಮನಿಗಂತೂ ಗೊತ್ತೇ ಇಲ್ಲ. "ಫೀಸು ಕಟ್ಟಿದ್ಯೇನೋ?" ಎಂದು ಅಮ್ಮ ಫೋನಿನಲ್ಲಿ ಕೇಳಿದರೆ ಕಾಲೇಜಿನ ಗುಮಾಸ್ತರ ದನಿಯಲ್ಲಿ, "ಕೌಂಟರು ಇನ್ನೂ ತಗದಿಲ್ಲಮ್ಮಾ, ಮುಂದಿನ ವಾರ ಬರ್ರಿ" ಎನ್ನುತ್ತಿದ್ದೆ. ಅಮ್ಮ ನಗುತ್ತಿದ್ದಳು.

"ಈ ವಯಸ್ಸಿಗೆ ನಿಮಗ್ಯಾಕ ಮಾಮಾ ಅದು?" ಎಂದೆ.

"ಹಂಗಾದ್ರ ಯಾವ ವಯಸ್ಸಿಗೆ ಬೇಕದು?"



ಮಾವ ಯಾವುದನ್ನೂ ಮೂರು ಊರಲ್ಲಿ ವಿಚಾರಿಸದೆ ಮಾಡುವವರಲ್ಲ. ಕುಕ್ಕರ್ ಕೊಳ್ಳುವಾಗಲೂ ರಾಯಚೂರು, ದೇವದುರ್ಗ, ಮಾನ್ವಿ ಸುತ್ತಿ ಅಭಿಪ್ರಾಯ ಸಂಗ್ರಹಿಸಿದ್ದರು. ಆ ಬಸ್ಸು ಚಾರ್ಜಿನಲ್ಲಿ ಇನ್ನೊಂದು ಕುಕ್ಕರ್ ಬರುತ್ತಿತ್ತು. ಈಗ ಆಪಿನ ವಿಚಾರಣೆಗೆ ಹೊರಟರು. ತಾಂತ್ರಿಕ ಸಲಹೆಗಾರನೆಂದು ನನ್ನನ್ನೂ ಎಳೆದುಕೊಂಡು ಹೋದರು. ಕಳ್ಳನನ್ನೇ ತನಿಖೆಗೆ ಕರೆದುಕೊಂಡು ಹೋದ ಹಾಗೆ!

ದೇವದುರ್ಗದಲ್ಲಿ ಮಾವನ ಹಳೇ ಶಿಷ್ಯನೊಬ್ಬ ಮಿರ್ಚಿ ಬಜಿ ಅಂಗಡಿ ಇಟ್ಟಿದ್ದಾನೆ. ಪ್ರಶ್ನೆ ಕೇಳಿ, ಕರಿಯುವ ಜಾರ ಎಣ್ಣೆಯಲ್ಲೇ ಬಿಟ್ಟು ಹೊರಗೆ ಬಂದ.

"ಸರ್, ಆರು ಮಂದಿ ಆಡ್ತಾರ, ಒಬ್ಬಾವ ಗೆಲ್ತಾನ. ಆಪಿನಾವ ಆಡಂಗಿಲ್ಲ, ಸೋಲಂಗೂ ಇಲ್ಲ, ಮೊದಲ ತನ್ನ ಪಾಲು ತಗೊಂಡು ಕುಂತಿರ್ತಾನ. ನಮ್ಮ ತಮ್ಮ ಆಡಿ ಆಡಿ ತನ್ನ ಟಂಟಂ ಆಟೋ ಮಾರಿದನ್ರಿ. ಈಗ ಅದ ಟಂಟಂನ್ಯಾಗ ಕೂಲಿಗೆ ಹೊಂಟಾನ್ರಿ."

"ಹುಷಾರಿಂದ ಆಡಿದ್ರ?"

"ಹುಷಾರಿದ್ದಾವ ಆಡಾಕ ಯಾಕ ಹೊಕ್ಕಾನ್ರಿ ಸರ್?"

ನಾನು ಮಿರ್ಚಿ ಕಚ್ಚಿ ಕಣ್ಣೀರು ಬಂತೆಂದು ಅಭಿನಯಿಸಿದೆ. ಬಸ್ಸಿನಲ್ಲಿ ಮಾವ ಹಿಗ್ಗಿ ಹೋಗಿದ್ದರು. "ಇವನ್ನ ಗಣಿತದಾಗ ಮೂರು ಸಲ ನಪಾಸ್ ಮಾಡೀನೋ. ಇವತ್ತು ಪಾಸಾದ."

ಮಾನ್ವಿಯಲ್ಲಿ ಅಮ್ಮ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಮಾವ ಎದುರಿಗೆ ಕೂತು, "ಅಕ್ಕಾ, ಫೋನಿನ್ಯಾಗ ಇಸ್ಪೀಟು ಬಂದದ. ಹಾಕ್ಕೊಳ್ಳಲೇನು?" ಎಂದರು.

ಅಮ್ಮ ತಲೆ ಎತ್ತಲಿಲ್ಲ. "ಹಾಕ್ಕೋ. ಆದ್ರ ಸ್ನಾನ ಮಾಡಿ ಆಡು."

ನಾನು ಗಹಗಹಿಸಿ ನಕ್ಕೆ. ನಕ್ಕವನು ನಾನೊಬ್ಬನೇ. ಎಲ್ಲದಕ್ಕೂ ಸೂತ್ರ ಹೇಳುವ ಮಾವ ಮೊರದ ಅಕ್ಕಿಯನ್ನೇ ನೋಡುತ್ತ ಕೂತರು. ಮರಳಿ ಬರುವಾಗ ಬಸ್ಸು ಕಲ್ಮಲ ಊರು ದಾಟಿತು. ಆಮೇಲೆ, "ತೀರ್ಮಾನ ಆತು. ಹಾಕ್ಕೋಣು. ಮಡೀಲೆ ಆಡೋಣು" ಎಂದರು.

ಮರುದಿನವೇ ನಿಯಮಗಳು ಜಾರಿಗೆ ಬಂದವು. ಮಾವನ ಹಳೇ ಫೋನಿಗೆ ಆಪು ಹಾಕಿದ್ದಾಯಿತು. ಆ ಫೋನನ್ನು ರೇಷ್ಮೆ ಚೀಲದಲ್ಲಿ ಕಟ್ಟಿ, ಮಡಿಬಟ್ಟೆ ಒಣಹಾಕುವ ಗಳಕ್ಕೆ, ಕೈಗೆ ಎಟುಕದ ಎತ್ತರದಲ್ಲಿ ತೂಗುಹಾಕಿದರು. ಸ್ನಾನವಾದವರು ಮಾತ್ರ ಕೋಲಿನಿಂದ ಇಳಿಸಬೇಕು. ಒಂದು ಆಟಕ್ಕೆ ಒಂದು ಸ್ನಾನ. ಇನ್ನೊಂದು ಆಟ ಬೇಕೇ? ಇನ್ನೊಂದು ಸ್ನಾನ. ದಿನಕ್ಕೆ ಹಾಕುವ ದುಡ್ಡು ಆ ದಿನದ ಹೂವಿನ ಖರ್ಚಿಗಿಂತ ಹೆಚ್ಚಾಗಬಾರದು. ಏಕಾದಶಿ, ದ್ವಾದಶಿ, ಅಮಾವಾಸ್ಯೆ ರಜೆ. ಕೊನೆಯ ನಿಯಮವನ್ನು ನನ್ನ ಮುಖ ನೋಡಿ ಹೇಳಿದರು:

"ಈ ಮನ್ಯಾಗ ಯಾರ ಆಡಿದ್ರೂ, ಯಾವ ಫೋನಿನ್ಯಾಗ ಆಡಿದ್ರೂ ಇದ ಕಾಯ್ದೆ. ನಿನ್ನ ಫೋನಿನ್ಯಾಗ ಏನೂ ಇಲ್ಲಲ್ಲ?"

"ಪಂಚಾಂಗ ಅದ ಮಾಮಾ, ಅಷ್ಟ."

"ಛಲೋ ಆತು. ದಿನಾ ನೋಡ್ತಿರು."

ಒಂದು ದಿನ ಮಾವ ಹದಿನೆಂಟು ರೂಪಾಯಿ ಗೆದ್ದರು. ಆ ಸಂತೋಷಕ್ಕೆ ಓಣಿಗೆಲ್ಲ ಪೇಡೆ ಹಂಚಿದರು. ಪೇಡೆಗೆ ನೂರಿಪ್ಪತ್ತಾಯಿತು. "ಗೆದ್ರ ಇಷ್ಟು ನುಕ್ಸಾನಪಾ. ಸೋತ್ರ ಕಡಿಮಿ" ಎಂದು ಲೆಕ್ಕ ಹಾಕಿ ಅಂದಿನಿಂದ ಆಡುವುದನ್ನೇ ಮರೆತರು. ಫೋನು ಮಾತ್ರ ಗಳದ ಮೇಲೆ ಬಾವಲಿಯಂತೆ ತೂಗುತ್ತಿತ್ತು.

ನಾನು ಮರೆತಿರಲಿಲ್ಲ. ಆದರೆ ವಿಚಿತ್ರವೊಂದು ಶುರುವಾಯಿತು. ಹಿತ್ತಲಲ್ಲೋ ಮಾಳಿಗೆ ಮೆಟ್ಟಿಲಲ್ಲೋ ಕೂತು ನನ್ನ 'ಪಂಚಾಂಗ' ತೆರೆದು ಮುಗಿಸುವಷ್ಟರಲ್ಲಿ ಮಾವ ಟವೆಲ್ ಹಿಡಿದು ಪ್ರತ್ಯಕ್ಷ. "ಸೆಖಿ ಭಾಳ ಅದ. ಸ್ನಾನ ಮಾಡಿ ಬಾ." ಸೆಖೆ ಇದ್ದದ್ದು ನಿಜ; ರಾಯಚೂರಿನ ಬೇಸಿಗೆಗೆ ಸಾಕ್ಷಿ ಬೇಕೇ? ದಿನಕ್ಕೆ ನಾಲ್ಕು ಸಲ ಮೀಯುತ್ತಿದ್ದೆ. ನನಗೆ ವೈರಾಗ್ಯ ಬಂದಿದೆ ಎಂದು ಎದುರುಮನೆಯವರು ಮರುಗಿದರು. ನಾಲ್ಕು ಮೂರಾಯಿತು, ಮೂರು ಒಂದಾಯಿತು. ಆಟ ಮುಗಿದ ಮೇಲೆ ಮತ್ತೆ ತಲೆ ಒರೆಸಿಕೊಳ್ಳಬೇಕಲ್ಲ ಎಂಬ ಬೇಸರಕ್ಕೇ ಎಷ್ಟೋ ಆಟ ಬಿಟ್ಟೆ.

ಹಾಗೆಂದು ಪೂರ್ತಿ ಬಿಟ್ಟಿರಲಿಲ್ಲ. ಫೀಸು ಕಟ್ಟಲು ನಾಲ್ಕು ದಿನ ಉಳಿದಾಗ, ಹೋದದ್ದನ್ನೆಲ್ಲ ಒಂದೇ ಏಟಿಗೆ ಮರಳಿ ಗೆಲ್ಲುವ ಹುಚ್ಚು ಹತ್ತಿತು. ಬೆಳಗ್ಗೆ ಎದ್ದವನೇ ಹಿತ್ತಲಿಗೆ ಹೋಗಿ ಆಡಿದೆ. ಸೋತೆ. ತಿರುಗಿ ನೋಡಿದರೆ ಟವೆಲ್.

"ಆಡಿದ್ರೂ ಮೀಯಲಿಕ್ಕೆ ನೀರಿಲ್ಲಲ್ಲ ಮಾಮಾ" ಎಂದೆ. ನಳ ಬಂದು ಮೂರು ದಿನವಾಗಿತ್ತು.

"ಆಡಿದಿ ಏನು ಅಂತ ನಾ ಕೇಳೇ ಇಲ್ಲಲ್ಲೋ."

ಯಾವ ದನಿ ಮಾಡಲೆಂದು ಹುಡುಕಿದೆ. ಗುಮಾಸ್ತ ಬರಲಿಲ್ಲ, ಕಂಡಕ್ಟರ್ ಬರಲಿಲ್ಲ. ಬಂದದ್ದು ನನ್ನದೇ ದನಿ. ಫೀಸಿನ ವಿಷಯ ಹೇಳಿದೆ.

"ಗೊತ್ತದ," ಎಂದರು ಮಾವ. "ಏಕಾದಶಿ ಎಂದದ ಅಂತ ನೋಡಲಿಕ್ಕೆ ನಿನ್ನ ಪಂಚಾಂಗ ತಗದೆ. ರಾಜಾ, ರಾಣಿ, ಗುಲಾಮ ಬಂದ್ರು. ಅವತ್ತ ಸಂಜಿಗೇ ನಿನ್ನ ಕೇಳಿದ್ದು, ಹಾಕ್ಕೋಬೇಕೋ ಬ್ಯಾಡೋ ಅಂತ."

"ಅವತ್ತೇ ಬೈಬೇಕಿತ್ತಲ್ಲ ಮಾಮಾ?"

"ಬೈದ್ರ ಬಿಡ್ತಿದ್ದೇನು? ನಾ ಬಿಟ್ಟಿರಲಿಲ್ಲ." ಟವೆಲನ್ನು ಹೆಗಲಿಗೆ ಹಾಕಿಕೊಂಡರು. "ಹೊಸದಾಗಿ ನೌಕರಿಗೆ ಸೇರಿದಾಗ ದೇವದುರ್ಗದಾಗ ಇಸ್ಪೀಟಿಗೆ ಕೂಡ್ತಿದ್ದೆ. ಪಗಾರ ಅಲ್ಲೇ ಮುಗೀತಿತ್ತು. ರವಿವಾರ ಮಾನ್ವಿಗೆ ಹೋದ್ರ ನಿಮ್ಮಮ್ಮ ಹೊಸ್ತಿಲದಾಗ ನಿಂದ್ರಸ್ತಿದ್ಲು. ಬೈತಿರ್ಲಿಲ್ಲ. ಬಾವಿ ಕಡೆ ಕೈ ಮಾಡಿ, ಮಿಂದು ಬಾ ಅಂತಿದ್ಲು. ಎರಡು ವರ್ಷ ಮಿಂದೆ. ಸಾಕಾತು."

ಮೊರ ಹಿಡಿದು ತಲೆ ಎತ್ತದ ಅಮ್ಮ ನೆನಪಾದಳು. ಹಾಗಾದರೆ ಅವಳಿಗೂ ಗೊತ್ತು.

"ತಗೀತೀನಿ ಮಾಮಾ. ಈಗಲೇ." ಅವರ ಎದುರಿಗೇ ಫೋನಿನಿಂದ ಆಪು ಕಿತ್ತೆ. "ಇದಕ್ಕೂ ಸ್ನಾನ ಅದ ಏನು?"

"ಸತ್ತವರದು ಮಾಡ್ತೀವಿ, ಇದರದು ಮಾಡೂದಿಲ್ಲೇನು?"

"ಫೀಸು?"

"ಎರಡು ಕಂತಿನ್ಯಾಗ ಕಟ್ಟತೀನಂತ ಕಾಲೇಜಿನ್ಯಾಗ ಕೇಳು, ನಿನ್ನ ದನೀಲೇ ಕೇಳು. ಮದವಿ ಸೀಜನ್ ಬರ್ಲಿಕತ್ತದ, ಕೋಳಿ ಕೂಗು."

ಆಮೇಲೆ ಒಳಗೆ ಹೋಗಿ ಒಂದು ಕೊಡ ಎತ್ತಿಕೊಂಡು ಬಂದರು. ಮನೆಯಲ್ಲಿದ್ದ ಕೊನೆಯ ಕೊಡ, ಅವರ ಸ್ನಾನಕ್ಕೆ ಎತ್ತಿಟ್ಟದ್ದು. ಬೇಡವೆನ್ನುವಷ್ಟರಲ್ಲಿ ಕಲ್ಲ ಮೇಲೆ ಕೂರಿಸಿ ಒಂದೊಂದೇ ತಂಬಿಗೆ ಸುರಿದರು. ಕಿವಿಯ ಹಿಂದೆ ಕೈಯಿಂದ ತಿಕ್ಕಿದರು, ನಾನಿನ್ನೂ ಐದು ವರ್ಷದವನೆಂಬಂತೆ.

ಅಂದು ಮಾವನಿಗೆ ಸ್ನಾನವಿಲ್ಲ, ಪೂಜೆಯಿಲ್ಲ, ಊಟವಿಲ್ಲ. ಮುಂಬಾಗಿಲ ಕಟ್ಟೆಯ ಮೇಲೆ ಖಾಲಿ ಕೊಡ ಇಟ್ಟುಕೊಂಡು ನಳದ ಕಡೆ ನೋಡುತ್ತ ಕೂತರು. ಹನ್ನೆರಡಾಯಿತು, ಎರಡಾಯಿತು. ನಳ ಬಂದಾಗ ಬಿಸಿಲು ಇಳಿದಿತ್ತು.

ನನಗೇನೋ ಸ್ನಾನವಾಗಿತ್ತು, ಉಣ್ಣಬಹುದಿತ್ತು. ಆದರೂ ನಳ ಬರುವವರೆಗೂ ಅವರ ಪಕ್ಕದಲ್ಲಿ ಇನ್ನೊಂದು ಕೊಡ ಇಟ್ಟುಕೊಂಡು ಕೂತಿದ್ದೆ.